ಉಫೀತ್ಸಿ ಚಿತ್ರಶಾಲೆ: ಅರಮನೆಯ ಸೊತ್ತು ಪ್ರಜೆಗಳ ಸೊತ್ತಾದ ಬಗೆ

ಇಟಲಿಯ ಫ್ಲಾರೆನ್ಸ್ ನಗರದ ಉಫೀತ್ಸಿ ಚಿತ್ರಶಾಲೆಯ ಹೆಸರನ್ನು ಕೇಳದ ಕಲಾಭ್ಯಾಸಿಗಳು ವಿರಳ. ಬಾಟಿಚೆಲ್ಲಿಯ ‘ವೀನಸಳ ಜನನ’, ಲಿಯೊನಾರ್ಡೊನ ‘ಮಂಗಳವಾರ್ತೆ’, ಮೈಕೆಲ್‌ಏಂಜೆಲೊನ ವರ್ತುಲಾಕಾರದ ‘ಪವಿತ್ರ ಕುಟುಂಬ’ ಇವೆಲ್ಲ ಅಲ್ಲಿವೆ. ಆದರೆ ಚರಿತ್ರೆಯ ಅಭ್ಯಾಸಿಗಳಾದ ನಮಗೆ ಅಲ್ಲಿ ಮತ್ತೊಂದು ಪ್ರಶ್ನೆ ಎದುರಾಗುತ್ತದೆ. ಒಂದು ರಾಜಮನೆತನದ ಸಂಗ್ರಹವು ಆ ಮನೆತನ ನಿರ್ವಂಶವಾದ ಮೇಲೂ ಚದರಿಹೋಗದೆ ಉಳಿದುದು ಹೇಗೆ? ಪ್ರಕೃತ ಲೇಖನದಲ್ಲಿ ಇದನ್ನು ಸಂಕ್ಷೇಪವಾಗಿ ವಿವೇಚಿಸುತ್ತೇವೆ.

‘ಉಫೀತ್ಸಿ’ ಎಂದರೆ ಕಚೇರಿಗಳು. ಆಡಳಿತದ ಇಲಾಖೆಗಳನ್ನು ಒಂದೆಡೆ ಕೂಡಿಸುವ ಉದ್ದೇಶದಿಂದ ಡ್ಯೂಕ್ ಮೊದಲನೆಯ ಕೋಸಿಮೊ ಮೆಡಿಚಿಯು 1560ರಲ್ಲಿ ಈ ಕಟ್ಟಡದ ಕೆಲಸವನ್ನು ಜಾರ್ಜೊ ವಸಾರಿಗೆ ವಹಿಸಿದನು. ವಸಾರಿಯು ಚಿತ್ರಕಾರನೂ ವಾಸ್ತುಶಿಲ್ಪಿಯೂ ಕಲಾವಿದರ ಚರಿತ್ರಕಾರನೂ ಆಗಿದ್ದವನು. 1574ರಲ್ಲಿ ಅವನು ಕಾಲವಾದ ಬಳಿಕ ಬ್ವಾಂಟಲೆಂಟಿ ಮೊದಲಾದವರು ಕೆಲಸವನ್ನು ಪೂರೈಸಿದರು. ಕೋಸಿಮೊನ ಮಗನಾದ ಫ್ರಾಂಚೆಸ್ಕೊ 1581ರಲ್ಲಿ ಮೇಲಂತಸ್ತಿನ ಮೊಗಸಾಲೆಯನ್ನು ಕಲಾಕೃತಿಗಳಿಗೆ ಮೀಸಲಾಗಿಸಿದನು. ಹೀಗೆ ಕೆಳಗೆ ರಾಜ್ಯದ ಕಡತಗಳೂ ಮೇಲೆ ರಾಜನ ಶಿಲ್ಪಗಳೂ ಒಂದೇ ಸೂರಿನಡಿ ನೆಲೆಗೊಂಡವು.

ಸಂಗ್ರಹವು ಬೆಳೆದ ದಾರಿಗಳು ಹಲವು. ಉರ್ಬಿನೊ ಮನೆತನದ ವಿಟ್ಟೋರಿಯಳ ಪಿತ್ರಾರ್ಜಿತವಾಗಿ ಟಿಶಿಯನ್ನನ ‘ಉರ್ಬಿನೊದ ವೀನಸ್’ 1631ರಲ್ಲಿ ಫ್ಲಾರೆನ್ಸಿಗೆ ಬಂದಿತು. ಕಾರ್ಡಿನಲ್ ಲಿಯೊಪೋಲ್ಡೊ ಕಲಾವಿದರ ಸ್ವಚಿತ್ರಗಳನ್ನು ಕಲೆಹಾಕತೊಡಗಿದನು.

ಇಂತಹ ಸಂಗ್ರಹಗಳಿಗೆ ಸಾಮಾನ್ಯವಾಗಿ ಒದಗುತ್ತಿದ್ದ ಗತಿಯನ್ನು ಮಾಂಟುವ ನಗರದ ದೃಷ್ಟಾಂತದಿಂದ ತಿಳಿಯಬಹುದು. ಅಲ್ಲಿನ ಗೊನ್‌ಜಾಗ ದೊರೆಗಳು 1627ರಲ್ಲಿ ತಮ್ಮ ಅಮೂಲ್ಯ ಚಿತ್ರಗಳನ್ನು ಇಂಗ್ಲೆಂಡಿನ ಮೊದಲನೆಯ ಚಾರ್ಲ್ಸನಿಗೆ ಮಾರಿದರು. 1649ರಲ್ಲಿ ಆ ದೊರೆಯ ಶಿರಚ್ಛೇದವಾದ ಮೇಲೆ ಅವು ಮತ್ತೆ ಮಾರಾಟವಾಗಿ ಯೂರೋಪಿನ ನಾನಾ ಕಡೆಗೆ ಹಂಚಿಹೋದವು.

ಫ್ಲಾರೆನ್ಸಿಗೂ ಅದೇ ಅಪಾಯ 1737ರಲ್ಲಿ ಒದಗಿತು. ಕೊನೆಯ ಮೆಡಿಚಿ ದೊರೆ ಜಾನ್ ಗಸ್ಟೋನೆ ಸಂತಾನವಿಲ್ಲದೆ ಮಡಿದನು. ರಾಜ್ಯವು ಲೊರೇನ್ ಮನೆತನದ ಫ್ರಾನ್ಸಿಸ್ ಸ್ಟೀಫನನ ಪಾಲಾಯಿತು. ಆಗ ಮೃತ ದೊರೆಯ ಅಕ್ಕ ಆನಾ ಮರಿಯ ಲೂಯಿಸಾ ಅದೇ ವರ್ಷ ಅವನೊಡನೆ ‘ಕುಟುಂಬ ಒಪ್ಪಂದ’ವನ್ನು ಮಾಡಿಕೊಂಡಳು. ಸಂಗ್ರಹವನ್ನೆಲ್ಲ ಅವನಿಗೆ ಒಪ್ಪಿಸಿದಳು. ಆದರೆ ರಾಜ್ಯದ ಶೋಭೆಗೂ ಪ್ರಜೆಗಳ ಉಪಯೋಗಕ್ಕೂ ಪರದೇಶೀಯರ ಕುತೂಹಲಕ್ಕೂ ಇರುವ ಈ ವಸ್ತುಗಳನ್ನು ರಾಜಧಾನಿಯಿಂದ ಹೊರಕ್ಕೆ ಸಾಗಿಸಕೂಡದೆಂದು ಕರಾರು ಹಾಕಿದಳು. ಫ್ರಾನ್ಸಿಸನ ಮಗನಾದ ಪಿಯೆಟ್ರೊ ಲಿಯೊಪೋಲ್ಡೊ 1769ರಲ್ಲಿ ಚಿತ್ರಶಾಲೆಯನ್ನು ಸಾರ್ವಜನಿಕರಿಗೆ ತೆರೆದನು.

ಕರಾರೊಂದೇ ಸಕಲ ರಕ್ಷೆಯಾಯಿತೆಂದು ನಾವು ಭಾವಿಸಬೇಕಾಗಿಲ್ಲ. ‘ಮೆಡಿಚಿ ವೀನಸ್’ ಶಿಲ್ಪವನ್ನು ನೆಪೋಲಿಯನ್ನನ ಕಾಲದಲ್ಲಿ ಪ್ಯಾರಿಸಿಗೆ ಒಯ್ದರು. ಅವನ ಪತನದ ಬಳಿಕವೇ ಅದು ಹಿಂದಿರುಗಿತು. 1993ರ ಮೇ 27ರಂದು ಚಿತ್ರಶಾಲೆಯ ಪಕ್ಕದ ಬೀದಿಯಲ್ಲಿ ಸ್ಫೋಟಗೊಂಡ ಬಾಂಬು ಐವರನ್ನು ಬಲಿ ತೆಗೆದುಕೊಂಡಿತಲ್ಲದೆ ಕೆಲವು ಚಿತ್ರಗಳನ್ನೂ ನಾಶಮಾಡಿತು. ಆದರೂ ಸಂಗ್ರಹದ ಬಹುಭಾಗ ಇಂದಿಗೂ ಫ್ಲಾರೆನ್ಸಿನಲ್ಲಿಯೇ ಇರುವುದಕ್ಕೆ ಆ ಒಪ್ಪಂದವು ಮುಖ್ಯ ಕಾರಣವೆಂಬುದರಲ್ಲಿ ಸಂದೇಹವಿಲ್ಲ. ಕಲೆಯ ಚರಿತ್ರೆಯಲ್ಲಿ ಕುಂಚದಷ್ಟೇ ಕರಾರುಪತ್ರವನ್ನೂ ಗಣನೆಗೆ ತಂದುಕೊಳ್ಳಬೇಕೆಂಬುದಕ್ಕೆ ಉಫೀತ್ಸಿಯು ಉತ್ತಮ ನಿದರ್ಶನವಾಗಿದೆ.