ಗಾಮಾ ಕಿರಣಗಳ ಗ್ರೇಡಿಂಗ್

2021ರ ಡಿಸೆಂಬರಿನಲ್ಲಿ ನೆದರ್ಲೆಂಡ್ಸ್ ದೇಶದ ವಿಕಿರಣ ಸುರಕ್ಷತಾ ಪ್ರಾಧಿಕಾರ ಹತ್ತು ಸರಕುಗಳ ಪಟ್ಟಿಯೊಂದನ್ನು ಹೊರಡಿಸಿತು. ಕೊರಳಿಗೆ ಹಾಕುವ ಪೆಂಡೆಂಟು, ಕೈಪಟ್ಟಿ, ಮಲಗುವಾಗ ಕಣ್ಣಿಗೆ ಕಟ್ಟಿಕೊಳ್ಳುವ ಬಟ್ಟೆ, ಇಂಥವೇ ಎಲ್ಲ. 'ಇವನ್ನು ಧರಿಸಬೇಡಿ, ಎತ್ತಿ ಒಂದು ಕಡೆ ಇಟ್ಟುಬಿಡಿ' ಎಂಬುದು ಜನರಿಗೆ ಕೊಟ್ಟ ಸೂಚನೆ. 5ಜಿ ತರಂಗಗಳಿಂದ ರಕ್ಷಣೆ ಕೊಡುತ್ತವೆಂದು ಮಾರಾಟವಾಗುತ್ತಿದ್ದ ಈ ಆಧುನಿಕ ತಾಯಿತಗಳೇ ವಿಕಿರಣ ಸೂಸುತ್ತಿದ್ದವು. ಇಂಥ ಪೆಂಡೆಂಟುಗಳು 'ನೆಗೆಟಿವ್ ಅಯಾನು' ಕೊಡುತ್ತವೆ ಎಂಬ ಜಾಹೀರಾತು ಪೂರ್ತಿ ಸುಳ್ಳೂ ಅಲ್ಲ. ಥೋರಿಯಂ ಇರುವ ಖನಿಜದ ಪುಡಿಯನ್ನು ಬೆರೆಸಿದರೆ ಅದರ ವಿಕಿರಣ ಸುತ್ತಲಿನ ಗಾಳಿಯನ್ನು ಅಯಾನು ಮಾಡಿಯೇ ಮಾಡುತ್ತದೆ!

ಈ ಸುದ್ದಿ ಓದಿದ ಪದವಿ ವಿದ್ಯಾರ್ಥಿಯೊಬ್ಬರ ಪ್ರಶ್ನೆ ಹೀಗಿದೆ: 'ಗೈಗರ್ ಕೌಂಟರ್ ಹಿಡಿದರೆ ಟಿಕ್ ಟಿಕ್ ಅನ್ನುತ್ತೆ, ಸರಿ. ಒಳಗಿರೋದು ಥೋರಿಯಮ್ಮೇ ಅಂತ ಹೇಗೆ ಹೇಳ್ತಾರೆ?'

ಗೈಗರ್ ಕೌಂಟರಿನಿಂದ ಹೇಳಲಾಗದು. ಅದರ ಪಾಲಿಗೆ ಬಂದ ಕಿರಣವೆಲ್ಲ ಒಂದೇ ಟಿಕ್. ಆದರೆ ಗಾಮಾ ಕಿರಣ ಹೊರಟದ್ದು ಯಾವ ಪರಮಾಣುವಿನಿಂದ ಎಂಬುದಕ್ಕೆ ಅದರ ಶಕ್ತಿಯೇ ಗುರುತು. ಸೀಸಿಯಂ-137ರದು 661.7 ಕಿಲೊ ಎಲೆಕ್ಟ್ರಾನ್ ವೋಲ್ಟ್ (ಇನ್ನು ಮುಂದೆ ಕೆಇವಿ). ನಮ್ಮ ಮೈಯಲ್ಲೂ ಬಾಳೆಹಣ್ಣಿನಲ್ಲೂ ಇರುವ ಪೊಟ್ಯಾಸಿಯಂ-40ರದು 1460.8. ಥೋರಿಯಂ ತಾನಾಗಿ ಹೆಚ್ಚು ಸದ್ದು ಮಾಡುವುದಿಲ್ಲ. ಅದರ ವಂಶದ ಕೊನೆಯ ಕುಡಿಗಳಲ್ಲಿ ಒಂದಾದ ಥಾಲಿಯಂ-208 ಮಾತ್ರ 2614.5 ಕೆಇವಿಯಲ್ಲಿ ಕೂಗಿ ಹೇಳುತ್ತದೆ. ಈ ಶಕ್ತಿಯನ್ನು ಅಳೆಯಲು ಹರಳು ಬೇಕು. 1948ರಲ್ಲಿ ಅಮೆರಿಕದ ರಾಬರ್ಟ್ ಹಾಫ್‌ಸ್ಟಾಟರ್ ಸೋಡಿಯಂ ಅಯೊಡೈಡಿಗೆ ಚೂರು ಥಾಲಿಯಂ ಬೆರೆಸಿ, ಗಾಮಾ ಬಿದ್ದಾಗ ಅದರ ಶಕ್ತಿಗೆ ತಕ್ಕಷ್ಟು ಮಿನುಗುವ ಹರಳನ್ನು ಕೊಟ್ಟರು. ಈಗ ಒಳ್ಳೆಯ ಪ್ರಯೋಗಾಲಯಗಳಲ್ಲಿರುವುದು ದ್ರವ ಸಾರಜನಕದ ಚಳಿಯಲ್ಲಿಟ್ಟ ಜರ್ಮೇನಿಯಂ.

ಹರಳು ಕೊಡುವುದು ಬರೀ ವಿದ್ಯುತ್ ಪಲ್ಸುಗಳನ್ನು, ಸೆಕೆಂಡಿಗೆ ನೂರಾರು, ಸಾವಿರಾರು. ಅವುಗಳಿಂದ ಹೆಸರು ಹೊರಡಿಸುವ ಕೆಲಸ ಸಾಫ್ಟ್‌ವೇರಿನದು. ಅದು ಹೇಗೆ ನಡೆಯುತ್ತದೆಂದು ತಿಳಿಯಲು ಮಂಗಳೂರು ಕಡೆಯ ಗೇರುಬೀಜದ ಕಾರ್ಖಾನೆಗೆ ಹೋಗೋಣ.

ಅಲ್ಲಿ ಗ್ರೇಡಿಂಗ್ ಮೇಜಿನ ಸುತ್ತ ಕೂತ ಹೆಂಗಸರ ಮುಂದೆ ಸಿಪ್ಪೆ ಸುಲಿದ ಬೀಜದ ರಾಶಿ. ಪೌಂಡಿಗೆ 180 ತೂಗುವ ದಪ್ಪ ಬೀಜ ಡಬ್ಲ್ಯೂ-180, ಪೌಂಡಿಗೆ 320 ತೂಗುವುದು ಡಬ್ಲ್ಯೂ-320. ಒಂದೊಂದು ಗಾತ್ರಕ್ಕೆ ಒಂದೊಂದು ತಟ್ಟೆ. ಗಾಮಾ ಕಿರಣ ತನ್ನ ಶಕ್ತಿಯನ್ನೆಲ್ಲ ಹರಳಿನಲ್ಲೇ ಬಿಟ್ಟರೆ ಅದು ಇಡಿ ಬೀಜ. ನೇರ ತನ್ನ ತಟ್ಟೆಗೆ ಬೀಳುತ್ತದೆ. ಎಷ್ಟೋ ಸಲ ಹಾಗಾಗುವುದಿಲ್ಲ. ಕಿರಣ ಒಂದು ಎಲೆಕ್ಟ್ರಾನಿಗೆ ಡಿಕ್ಕಿ ಹೊಡೆದು, ಸ್ವಲ್ಪ ಶಕ್ತಿ ಕೊಟ್ಟು, ಉಳಿದದ್ದನ್ನು ಹೊತ್ತು ಹರಳಿನಿಂದಾಚೆ ಓಡಿಹೋಗುತ್ತದೆ. ಇದು ಕಾಂಪ್ಟನ್ ಚದುರಿಕೆ. ಬೀಜ ಒಡೆಯಿತು, ನಮಗೆ ಸಿಕ್ಕಿದ್ದು ತುಂಡು.

ಇಲ್ಲೇ ತೊಡಕು ಶುರು. ಗ್ರೇಡಿಂಗ್ ಮಾಡುವ ಹೆಂಗಸಿಗೆ ಕಣ್ಣಿದೆ, ತುಂಡನ್ನು ನೋಡಿದೊಡನೆ ಬೇರೆ ಹಾಕುತ್ತಾಳೆ. ಯಂತ್ರಕ್ಕೆ ಗೊತ್ತಾಗುವುದು ತೂಕ ಮಾತ್ರ. ದಪ್ಪ ಬೀಜದ ತುಂಡೂ ಸಣ್ಣ ಬೀಜದ ಇಡಿಯೂ ಒಂದೇ ತೂಗಿದರೆ ಎರಡನ್ನೂ ಒಂದೇ ತಟ್ಟೆಗೆ ಹಾಕುತ್ತದೆ. ಪೆಂಡೆಂಟಿನ ರೋಹಿತದಲ್ಲಿ, ಅಂದರೆ ಯಾವ ತಟ್ಟೆಯಲ್ಲಿ ಎಷ್ಟು ಬಿದ್ದಿದೆ ಎಂದು ತೋರಿಸುವ ನಕ್ಷೆಯಲ್ಲಿ, ಥಾಲಿಯಮ್ಮಿನ 2614.5ರ ತುಂಡುಗಳು ಎಡಗಡೆಯ ತಟ್ಟೆಗಳಿಗೆಲ್ಲ ಚೆಲ್ಲಾಡಿರುತ್ತವೆ. ಆ ರಾಶಿಯ ಮೇಲೆ ಥೋರಿಯಂ ವಂಶದವೇ ಆದ 583, 238.6 ಕೆಇವಿಗಳ ಶಿಖರಗಳು ತಲೆಯೆತ್ತಿ ನಿಂತಿರುತ್ತವೆ. ತಟ್ಟೆಯೊಂದರಲ್ಲಿ ಇಡಿ ಎಷ್ಟು, ತುಂಡು ಎಷ್ಟು ಎಂದು ಒಂದೊಂದಾಗಿ ಹೇಳಲು ಯಾರಿಂದಲೂ ಆಗದು. ಅಕ್ಕಪಕ್ಕದ ತಟ್ಟೆಗಳಲ್ಲಿ ಬರೀ ತುಂಡು ಎಷ್ಟಿದೆ ನೋಡಿ, ಈ ತಟ್ಟೆಯಲ್ಲೂ ಅಷ್ಟೇ ಇರಬೇಕೆಂದು ಅಂದಾಜಿಸಿ ಕಳೆಯಬೇಕು. ಗಾಮಾ ಸಾಫ್ಟ್‌ವೇರಿನ ಅರ್ಧ ಪಾಂಡಿತ್ಯ ಈ ಒಂದು ಕಳೆಯುವ ಲೆಕ್ಕದಲ್ಲಿದೆ.

ತಟ್ಟೆಗಳನ್ನು ಮೊದಲು ಚೆನ್ನಾಗಿ ಜೋಡಿಸಿಟ್ಟವರು ಕೇಂಬ್ರಿಜ್‌ನ ಡೆನಿಸ್ ವಿಲ್ಕಿನ್ಸನ್. 1950ರಲ್ಲಿ ಪ್ರಕಟವಾದ ಅವರ ಉಪಕರಣಕ್ಕೆ 99 ಚಾನೆಲ್‌ಗಳು, ಅಂದರೆ 99 ತಟ್ಟೆಗಳು. ಪಲ್ಸಿನ ಎತ್ತರಕ್ಕೆ ತಕ್ಕಂತೆ ಒಂದು ಕೆಪಾಸಿಟರನ್ನು ಚಾರ್ಜ್ ಮಾಡಿ, ಅದು ಒಂದೇ ವೇಗದಲ್ಲಿ ಖಾಲಿಯಾಗುವವರೆಗೆ ಗಡಿಯಾರದ ಮಿಡಿತಗಳನ್ನು ಎಣಿಸುವುದು ಅವರ ಉಪಾಯ. ಎತ್ತರವನ್ನು ಅಳೆಯುವ ಬದಲು ಹೊತ್ತನ್ನು ಎಣಿಸಿದರು. ಈ ಬಗೆಯ ಪರಿವರ್ತಕಕ್ಕೆ ಇಂದಿಗೂ ವಿಲ್ಕಿನ್ಸನ್ ಹೆಸರೇ ಇದೆ. ಈಗ 8,192 ಅಥವಾ 16,384 ಚಾನೆಲ್ ಮಾಮೂಲು. ಜೀನಿ-2000, ಗಾಮಾವಿಷನ್‌ನಂಥ ಕಂಪನಿ ಸಾಫ್ಟ್‌ವೇರುಗಳು ಪ್ರಯೋಗಾಲಯಗಳಲ್ಲಿ ಮನೆಮಾತು. ವೇಗವರ್ಧಕಗಳ ಬಳಿ ಕೂತು ದತ್ತ ಹಿಡಿಯಲು ನಮ್ಮವರೇ ಬರೆದವೂ ಇವೆ: ಮುಂಬೈಯ 'ಲ್ಯಾಂಪ್ಸ್', ದೆಹಲಿಯ ಅಂತರ ವಿಶ್ವವಿದ್ಯಾಲಯ ವೇಗವರ್ಧಕ ಕೇಂದ್ರದ 'ಕ್ಯಾಂಡಲ್'. ಎರಡೂ ಲಿನಕ್ಸ್ ಮೇಲೆ ನಡೆಯುತ್ತವೆ.

ದತ್ತ ಹಿಡಿಯುವ ಹಂತದಲ್ಲಿ ಸಾಫ್ಟ್‌ವೇರ್ ಇಡಬೇಕಾದ ಮುಖ್ಯ ಲೆಕ್ಕ ಸಮಯದ್ದು. ಒಂದು ಪಲ್ಸನ್ನು ಅಳೆಯುತ್ತಿರುವಾಗ ಇನ್ನೊಂದು ಬಂದರೆ ಉಪಕರಣ ಅದನ್ನು ನೋಡುವುದಿಲ್ಲ. ಹೀಗೆ ಕುರುಡಾಗಿದ್ದ ಹೊತ್ತು 'ಡೆಡ್ ಟೈಮ್'. ಗಡಿಯಾರದಲ್ಲಿ 1,000 ಸೆಕೆಂಡು ಕಳೆದು ಡೆಡ್ ಟೈಮ್ ಶೇಕಡ 10 ಇದ್ದರೆ ಎಣಿಕೆಯನ್ನು ಭಾಗಿಸಬೇಕಾದ್ದು 900ರಿಂದ.

ಆಮೇಲೆ ವಿಶ್ಲೇಷಣೆ. ಶಿಖರ ಎಲ್ಲಿದೆ ಎಂದು ಮನುಷ್ಯ ಕಣ್ಣಾಡಿಸಿ ಹೇಳುತ್ತಾನೆ, ಕಂಪ್ಯೂಟರ್ ಹೇಗೆ ಹೇಳಬೇಕು? ಅರ್ಜೆಂಟೀನದ ಭೌತವಿಜ್ಞಾನಿ ಮಾರಿಸ್ಕೊಟ್ಟಿ 1967ರಲ್ಲಿ ಸರಳ ದಾರಿ ತೋರಿಸಿದರು. ಒಂದು ಚಾನೆಲಿನಿಂದ ಮುಂದಿನದಕ್ಕೆ ಎಣಿಕೆ ಎಷ್ಟು ಬದಲಾಗುತ್ತದೆ ನೋಡಿ. ಆ ಬದಲಾವಣೆಯೇ ಎಷ್ಟು ಬದಲಾಗುತ್ತದೆ ಎಂದು ಮತ್ತೊಮ್ಮೆ ನೋಡಿ. ತುಂಡುಗಳ ಇಳಿಜಾರು ನುಣುಪಾಗಿದ್ದಲ್ಲಿ ಈ ಎರಡನೆಯ ವ್ಯತ್ಯಾಸ ಸೊನ್ನೆಯ ಆಸುಪಾಸಿನಲ್ಲೇ ಇರುತ್ತದೆ. ಶಿಖರ ಬಂದಲ್ಲಿ ಥಟ್ಟನೆ ಋಣಕ್ಕೆ ಇಳಿಯುತ್ತದೆ. ಇಂದಿನ ಎಷ್ಟೋ ಪ್ರೋಗ್ರಾಮುಗಳಲ್ಲಿ ಶಿಖರ ಹುಡುಕುವ ಭಾಗ ಈ ಉಪಾಯದ ವಂಶದ್ದೇ.

ಶಿಖರ ಸಿಕ್ಕ ಮೇಲೆ ಸಾಫ್ಟ್‌ವೇರ್ ತನ್ನ ಶಕ್ತಿಪಟ್ಟಿಯನ್ನು ತೆಗೆದು ಹೆಸರು ಹೊಂದಿಸುತ್ತದೆ. ಪರದೆಯ ಮೇಲೆ ಅಚ್ಚುಕಟ್ಟಾದ ಕೋಷ್ಟಕ ಮೂಡುತ್ತದೆ. ನನ್ನ ತಕರಾರು ಇರುವುದು ಈ ಅಚ್ಚುಕಟ್ಟಿನ ಬಗ್ಗೆಯೇ. ಪಟ್ಟಿಯಲ್ಲಿ ಹೆಸರು ಬಂತೆಂದರೆ ಪರಮಾಣು ಅಲ್ಲಿದೆ ಎಂದಾಗಲಿಲ್ಲ.

ಉಳ್ಳಾಲದ ಕಡಲತೀರವನ್ನೇ ತೆಗೆದುಕೊಳ್ಳಿ. ಅಲ್ಲಿನ ಮರಳಿನಲ್ಲಿ ಅಲ್ಲಲ್ಲಿ ಥೋರಿಯಂ ಹೊತ್ತ ಮೊನಜೈಟ್ ಇದೆ. ಹತ್ತಿರದ ಕೊಣಾಜೆಯಲ್ಲಿರುವ ಮಂಗಳೂರು ವಿಶ್ವವಿದ್ಯಾಲಯದವರು ಕರಾವಳಿಯ ವಿಕಿರಣವನ್ನು ದಶಕಗಳಿಂದ ಅಳೆಯುತ್ತ ಬಂದಿದ್ದಾರೆ. ಇಂಥ ಮರಳನ್ನು ಒಣಗಿಸಿ, ಜರಡಿ ಹಿಡಿದು, ಡಬ್ಬಿಗೆ ತುಂಬಿ, ಗಾಳಿಯಾಡದಂತೆ ಮುಚ್ಚಿ ಸುಮಾರು ಒಂದು ತಿಂಗಳು ಹಾಗೇ ಇಡಬೇಕು. ಮರಳಿನಿಂದ ಹೊರಡುವ ರೇಡಾನ್ ಅನಿಲ ಸೋರಿಹೋಗದೆ ಒಳಗೇ ಉಳಿದು ಅದರ ಸಂತತಿ ಸಮತೋಲಕ್ಕೆ ಬರಲು ಅಷ್ಟು ಕಾಲ ಬೇಕು. ಆಮೇಲೆ ಸೀಸದ ಗೋಡೆಯೊಳಗೆ ಹತ್ತಾರು ಸಾವಿರ ಸೆಕೆಂಡುಗಳ ಎಣಿಕೆ. ಕೊನೆಗೆ 1460ರ ಹತ್ತಿರ ಶಿಖರ ಕಾಣುತ್ತದೆ, ಸಾಫ್ಟ್‌ವೇರ್ 'ಪೊಟ್ಯಾಸಿಯಂ-40' ಎಂದು ಬರೆಯುತ್ತದೆ. ಆದರೆ ಥೋರಿಯಂ ವಂಶದ ಆಕ್ಟಿನಿಯಂ-228ಕ್ಕೂ 1459.1 ಕೆಇವಿಯಲ್ಲಿ ಒಂದು ಕ್ಷೀಣ ರೇಖೆ ಇದೆ! ಜರ್ಮೇನಿಯಂ ಡಿಟೆಕ್ಟರಿಗೂ ಇವೆರಡು ಬೇರೆ ಕಾಣುವುದಿಲ್ಲ. ಕಿಲೋ ಮರಳಿನಲ್ಲಿ 1,000 ಬೆಕೆರಲ್ (ವಿಕಿರಣಶೀಲತೆಯ ಅಳತೆಯ ಮಾನ) ಥೋರಿಯಂ ಇದ್ದರೆ ಸುಮಾರು 80 ಬೆಕೆರಲ್ ಇಲ್ಲದ ಪೊಟ್ಯಾಸಿಯಂ ವರದಿಯಲ್ಲಿ ಹುಟ್ಟಿಕೊಳ್ಳುತ್ತದೆ. 186 ಕೆಇವಿಯದೂ ಇದೇ ಕಥೆ: ರೇಡಿಯಂ-226ರ ರೇಖೆ 186.2, ಯುರೇನಿಯಂ-235ರದು 185.7. ಇದನ್ನು ಬಿಡಿಸುವವರು ಬೇರೆ ರೇಖೆಗಳನ್ನು ಸಾಕ್ಷಿಗೆ ಕರೆಯಬೇಕು. ಒಂದೇ ಶಿಖರದ ಮಾತು ಕೇಳಿ ತೀರ್ಪು ಕೊಡಬಾರದು.

ಇನ್ನೊಂದು ಕಡೆ, ಶಿಖರವೇ ಕಾಣದಿದ್ದರೆ? 'ಇಲ್ಲ' ಎಂದು ಬರೆಯುವ ಹಾಗಿಲ್ಲ. ಇದಕ್ಕೆ ಲೆಕ್ಕ ಹಾಕಿಕೊಟ್ಟವರು ಅಮೆರಿಕದ ಲಾಯ್ಡ್ ಕರಿ, 1968ರಲ್ಲಿ. ತುಂಡುಗಳ ಹಿನ್ನೆಲೆ 400 ಎಣಿಕೆ ಇದೆ ಎನ್ನಿ. ಅದರ ವರ್ಗಮೂಲ 20. ಅದನ್ನು 2.33ರಿಂದ ಗುಣಿಸಿದರೆ ಸುಮಾರು 47. ಹೆಚ್ಚುವರಿ ಎಣಿಕೆ ಇದಕ್ಕಿಂತ ಕಡಿಮೆಯಿದ್ದರೆ 'ಕಂಡಿದೆ' ಎನ್ನಬೇಡಿ. 4.65ರಿಂದ ಗುಣಿಸಿ 2.71 ಕೂಡಿಸಿದರೆ ಸುಮಾರು 96. ನಿಜವಾದ ಸಂಕೇತ ಇಷ್ಟಿದ್ದರೆ ಮಾತ್ರ ಈ ಅಳತೆಗೆ ಅದು ತಪ್ಪದೆ ಕಂಡೀತೆಂಬ ಭರವಸೆ, ನೂರಕ್ಕೆ 95ರಷ್ಟು. ಹಿನ್ನೆಲೆ ಹೆಚ್ಚಿದ್ದಲ್ಲಿ, ಎಣಿಸಿದ ಹೊತ್ತು ಕಡಿಮೆಯಿದ್ದಲ್ಲಿ ಎಷ್ಟು ದೊಡ್ಡ ಸಂಕೇತ ಅಡಗಿ ಕೂರಬಹುದೆಂದು ಈ ಎರಡು ಸಾಲಿನ ಗಣಿತ ಹೇಳುತ್ತದೆ.

ಈ ಹಿನ್ನೆಲೆಯಲ್ಲಿ, ಮೊಬೈಲಿಗೆ ಜೋಡಿಸುವ ಕಿಸೆ ಡಿಟೆಕ್ಟರ್ ಹಿಡಿದು 'ಚಹಾಪುಡಿಯಲ್ಲಿ ಸೀಸಿಯಂ!' ಎಂದು ಸಾರುವ ವಿಡಿಯೊಗಳನ್ನು ನೋಡಬೇಕು. ಉಪಕರಣ ಕೆಟ್ಟದ್ದಲ್ಲ, ಕಲಿಯುವವರಿಗೆ ಬಹಳ ಚೆನ್ನಾಗಿದೆ. ಆದರೆ ಅದರೊಳಗಿನ ಪುಟ್ಟ ಹರಳಿಗೆ 662ರಲ್ಲಿ ಶೇಕಡ 8ರ ಸ್ಪಷ್ಟತೆ ಇದ್ದರೆ ಶಿಖರದ ಅಗಲವೇ 53 ಕೆಇವಿ. ರೇಡಾನಿನ ಸಂತತಿ ಬಿಸ್ಮತ್-214ರ ರೇಖೆ 609.3ರಲ್ಲಿದೆ, ಸೀಸಿಯಂನಿಂದ ಬರೀ 52 ದೂರ. ಮಳೆ ಸುರಿದಾಗ ಗಾಳಿಯಲ್ಲಿದ್ದ ಬಿಸ್ಮತ್ ನೆಲಕ್ಕಿಳಿದು ಎಣಿಕೆ ಏರುತ್ತದೆ, ಒಂದೆರಡು ಗಂಟೆಯಲ್ಲಿ ತಾನಾಗಿ ಇಳಿಯುತ್ತದೆ. ಅಷ್ಟರೊಳಗೆ ವಿಡಿಯೊ ಊರೆಲ್ಲ ಸುತ್ತಿ ಬಂದಿರುತ್ತದೆ.

ಈಗ ಎಐ ಬಂತಲ್ಲ, ಅದು ನೋಡಿಕೊಳ್ಳುತ್ತದೆ ಎನ್ನುವವರೂ ಇದ್ದಾರೆ. ಬಂದರಿನಲ್ಲಿ ಕಂಟೇನರು ದಾಟುವ ಕೆಲವೇ ಸೆಕೆಂಡುಗಳಲ್ಲಿ ಅನುಮಾನದ್ದನ್ನು ಆರಿಸಲು ಅದು ನೆರವಾಗಬಹುದು. ಆದರೆ ಬಾರದ ಎಣಿಕೆಯನ್ನು ಯಾವ ಬುದ್ಧಿಯೂ ಸೃಷ್ಟಿಸಲಾರದು. ಲಾಯ್ಡ್ ಕರಿ ಹಾಕಿದ ಗೆರೆ ಅದಕ್ಕೂ ಅನ್ವಯಿಸುತ್ತದೆ. ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆ 1995ರಲ್ಲಿ ಉತ್ತರ ಗೊತ್ತಿರುವ ರೋಹಿತಗಳನ್ನೇ ಬೇರೆ ಬೇರೆ ಸಾಫ್ಟ್‌ವೇರುಗಳಿಗೆ ಉಣಿಸಿ ಪರೀಕ್ಷೆ ಮಾಡಿತ್ತು. ಹೊಸ ಜಾಣರನ್ನೂ ಹಾಗೇ ಪರೀಕ್ಷಿಸಲಿ, ನಂಬುವುದು ಆಮೇಲೆ.

ನೀವು ಮರಳನ್ನೋ ಪೆಂಡೆಂಟನ್ನೋ ಬಾವಿ ನೀರನ್ನೋ ಪರೀಕ್ಷೆಗೆ ಕೊಟ್ಟು ವರದಿ ತಂದಿದ್ದರೆ ನಾಲ್ಕು ಸಂಗತಿ ನೋಡಿ. ಎಷ್ಟು ಹೊತ್ತು ಎಣಿಸಿದರು? ಖಾಲಿ ಡಬ್ಬಿ ಇಟ್ಟು ಹಿನ್ನೆಲೆ ಅಳೆದರೇ? ಯಾವ ಯಾವ ರೇಖೆಗಳನ್ನು ನೋಡಿ ಹೆಸರು ಹೇಳಿದರು? 'ಪತ್ತೆಯಾಗಿಲ್ಲ' ಎಂದಿದ್ದರೆ, ಎಷ್ಟಿದ್ದರೆ ಪತ್ತೆಯಾಗುತ್ತಿತ್ತು? ಇವಕ್ಕೆ ಉತ್ತರವಿಲ್ಲದ ವರದಿ ಎಷ್ಟೇ ಬಣ್ಣಬಣ್ಣದ ಗ್ರಾಫ್ ಹೊತ್ತಿದ್ದರೂ ವಾಪಸು ಕೊಟ್ಟು, ಇನ್ನೊಮ್ಮೆ ಎಣಿಸಿ ಎನ್ನಿ.