ರುದ್ರಾಕ್ಷಿ ಅಸಲಿಯೋ ನಕಲಿಯೋ? ದುಡ್ಡು ಕೊಡೋ ಮುನ್ನ ಇಷ್ಟು ನೋಡಿ

ಹೊನ್ನವಳ್ಳಿ: ಶಿವರಾತ್ರಿಗೆ ಸಿದ್ಧಗಂಗಾ ಜಾತ್ರೆಗೆ ಹೋದವರು ರುದ್ರಾಕ್ಷಿ ಸರ ಕೊಂಡು ತರೋದುಂಟು. ವೀರಶೈವ ಲಿಂಗಾಯತರಿಗಂತೂ ಅಷ್ಟಾವರಣದಲ್ಲಿ ರುದ್ರಾಕ್ಷಿಯೂ ಒಂದು. ಆದರೆ ಕಾಯಿ ಅಲ್ಲಾಡಿಸಿಯೇ ಕೊಬ್ಬರಿ ಆಗಿದೆಯೋ ಇಲ್ವೋ ಹೇಳುವ ನಮ್ಮವರೂ ರುದ್ರಾಕ್ಷಿ ಕೊಳ್ಳುವಾಗ ಮೋಸ ಹೋಗಬಹುದು.

ಮುಖ ಎಣಿಸೋದು ಹೇಗೆ?
ರುದ್ರಾಕ್ಷಿ ಒಂದು ಮರದ ಹಣ್ಣಿನ ಬೀಜ. ಹೆಚ್ಚಾಗಿ ನೇಪಾಳ, ಇಂಡೋನೇಷ್ಯಾದಿಂದ ಬರುತ್ತೆ. ಒಂದು ತುದಿಯಿಂದ ಇನ್ನೊಂದು ತುದಿವರೆಗೆ ಇಳಿಯುವ ಗೆರೆಗಳೇ ಮುಖ. ಗೆರೆ ನಡುವೆ ತುಂಡಾಗಿರಬಾರದು. ಪಂಚಮುಖಿ ಧಾರಾಳವಾಗಿ ಸಿಗುತ್ತೆ, ಬೆಲೆಯೂ ಕಮ್ಮಿ. ಏಕಮುಖಿ ಅಂದ್ರೆ ಹುಷಾರ್! ಗೆರೆ ಕೊರೆದು, ಅಂಟಿಸಿ ಮಾರೋರು ಇದ್ದಾರೆ.

ನೀರಿನ ಪರೀಕ್ಷೆ ನಂಬಬೇಡಿ
ಮುಳುಗಿದರೆ ಅಸಲಿ ಅನ್ನೋದು ಸರಿಯಲ್ಲ. ಚೆನ್ನಾಗಿ ಒಣಗಿದ ಅಸಲಿಯೂ ತೇಲಬಹುದು, ಭಾರದ ನಕಲಿಯೂ ಮುಳುಗುತ್ತೆ. ದುಬಾರಿ ಮಣಿಯಾದರೆ ಎಕ್ಸ್-ರೇ ತೆಗೆಸಿ. ಮುಖ ಎಷ್ಟಿದೆಯೋ ಒಳಗೆ ಅಷ್ಟೇ ಬೀಜದ ಗೂಡು ಕಾಣಬೇಕು.

ಧರಿಸುವ ಕ್ರಮ
ಸೋಮವಾರ ಸ್ನಾನ ಮಾಡಿ, ಪೂಜೆಗಿಟ್ಟು ಧರಿಸೋದು ವಾಡಿಕೆ. ಜಪಮಾಲೆಗೆ 108 ಮಣಿ, ಜೊತೆಗೊಂದು ಮೇರು. ಜಪದಲ್ಲಿ ಮೇರು ದಾಟಬಾರದು, ತೋರುಬೆರಳು ತಾಗಿಸಬಾರದು. ಸೋಪು ಹಾಕುವಾಗ ತೆಗೆದಿಡಿ. ಮಣಿ ಒಣಗಿದಂತಿದ್ದರೆ ಮನೆಯ ಕೊಬ್ಬರಿ ಎಣ್ಣೆ ಒಂದು ಹನಿ ಸವರಿ. ದಾರ ಸವೆದರೆ ಬದಲಿಸಿ.

ಕೊನೆಗೊಂದು ಮಾತು: ರುದ್ರಾಕ್ಷಿ ಹಾಕಿದ್ದೀವಿ ಅಂತ ಬಿಪಿ, ಶುಗರ್ ಮಾತ್ರೆ ಮಾತ್ರ ಬಿಡಬೇಡಿ.