ನರ್ಸಿಂಗ್ ಹೋಂ ಪಾಲುದಾರರೂ ವೃತ್ತಿ ಹೊಣೆಗಾರಿಕೆ ವಿಮೆಯೂ

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಲ್ಲಿ ತೆಂಗು, ಆಲೂಗೆಡ್ಡೆ, ತಂಬಾಕು, ಜವಳಿ ವ್ಯವಹಾರದಲ್ಲಿ ತೊಡಗಿರುವ ನಮ್ಮ ಸದಸ್ಯರಲ್ಲಿ ಕೆಲವರು, ವೈದ್ಯರಾದ ಮಗ, ಅಳಿಯ ಅಥವಾ ಸ್ನೇಹಿತರೊಡನೆ ಸೇರಿ ನರ್ಸಿಂಗ್ ಹೋಂಗಳಲ್ಲಿ ಬಂಡವಾಳ ಹೂಡಿರುವುದುಂಟು. ಕಟ್ಟಡಕ್ಕೆ ಬೆಂಕಿ ವಿಮೆ ಇದೆಯೇ, ಆಂಬುಲೆನ್ಸಿಗೆ ವಾಹನ ವಿಮೆ ಇದೆಯೇ ಎಂದು ತಪ್ಪದೆ ವಿಚಾರಿಸುವ ಇವರು, ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ ಸಂಭವಿಸಬಹುದಾದ ತಪ್ಪಿಗೆ ಯಾವ ವಿಮೆ ಇದೆಯೆಂದು ಕೇಳುವುದು ವಿರಳ.

ಕೆಲವು ವರ್ಷಗಳ ಹಿಂದೆ ನನ್ನ ಕಚೇರಿಗೆ ಬಂದ ಪ್ರಕರಣವೊಂದನ್ನು ಹೆಸರು ಹೇಳದೆ ಪ್ರಸ್ತಾಪಿಸುತ್ತೇನೆ. ಚಿಕ್ಕದೊಂದು ನರ್ಸಿಂಗ್ ಹೋಂ. ಇಬ್ಬರು ವೈದ್ಯರು ಮತ್ತು ಒಬ್ಬ ಜವಳಿ ವರ್ತಕರು ಪಾಲುದಾರರು. ಜನವರಿಯಲ್ಲಿ ನಡೆದ ಶಸ್ತ್ರಚಿಕಿತ್ಸೆಯೊಂದರಲ್ಲಿ ಅರಿವಳಿಕೆ ನೀಡಿದ ನಂತರ ರೋಗಿಯ ಸ್ಥಿತಿ ಬಿಗಡಾಯಿಸಿ, ಬೆಂಗಳೂರಿಗೆ ಕಳುಹಿಸಬೇಕಾಯಿತು. ಮನೆಯವರು ಆಗ ಏನನ್ನೂ ಹೇಳಲಿಲ್ಲ; ಆಸ್ಪತ್ರೆಯವರೂ ಸುಮ್ಮನಾದರು. ಮಾರ್ಚ್ 31ಕ್ಕೆ ಪಾಲಿಸಿಯ ಅವಧಿ ಮುಗಿಯಿತು. ಪ್ರೀಮಿಯಂ ಹೆಚ್ಚಾಯಿತೆಂದು ನವೀಕರಿಸದೆ, ಜೂನ್ ತಿಂಗಳಲ್ಲಿ ಬೇರೊಂದು ಕಂಪನಿಯಿಂದ ಹೊಸ ಪಾಲಿಸಿ ಪಡೆದರು. ಮರುವರ್ಷ ರೋಗಿಯ ಕಡೆಯಿಂದ ನೋಟೀಸು ಬಂದಿತು. ಕ್ಲೇಮು ನಮ್ಮ ಅವಧಿಯಲ್ಲಿ ಬಂದಿಲ್ಲವೆಂದು ಹಳೆಯ ಕಂಪನಿಯೂ, ಘಟನೆ ನಮ್ಮ ಪಾಲಿಸಿಗಿಂತ ಹಿಂದಿನದೆಂದು ಹೊಸ ಕಂಪನಿಯೂ ಉತ್ತರಿಸಿದವು. ಪಾಲಿಸಿಯ ಒಕ್ಕಣೆಯನ್ನು ಓದಿದಾಗ ಎರಡು ಉತ್ತರಗಳೂ ಸರಿಯಾಗಿಯೇ ಇದ್ದವು. ಪರಿಹಾರವನ್ನು ಪಾಲುದಾರರೇ ತೆತ್ತರು. ಆಪರೇಷನ್ ಥಿಯೇಟರಿನ ಬಾಗಿಲನ್ನೇ ದಾಟದ ಜವಳಿ ವರ್ತಕರು ತಮ್ಮ ಪಾಲಿಗಾಗಿ ನಿವೇಶನವೊಂದನ್ನು ಮಾರಬೇಕಾಯಿತು. 1932ರ ಪಾಲುದಾರಿಕೆ ಅಧಿನಿಯಮದ 25ನೇ ಪ್ರಕರಣದಂತೆ ಸಂಸ್ಥೆಯ ಋಣಕ್ಕೆ ಪ್ರತಿಯೊಬ್ಬ ಪಾಲುದಾರನೂ ಒಟ್ಟಾಗಿಯೂ ಪ್ರತ್ಯೇಕವಾಗಿಯೂ ಬಾಧ್ಯನು.

ಹೊಣೆ ಯಾರದು?

ಅಮೆರಿಕದಲ್ಲಿ ವಿಶೇಷ ತರಬೇತಿ ಪಡೆದ ನರ್ಸುಗಳು ತಾವೇ ಅರಿವಳಿಕೆ ನೀಡುತ್ತಾರೆ. 2001ರ ನಂತರ ಅಲ್ಲಿನ ಹಲವು ರಾಜ್ಯಗಳು ಸರ್ಕಾರಿ ವಿಮಾ ಯೋಜನೆಯಡಿ ವೈದ್ಯರ ಮೇಲ್ವಿಚಾರಣೆ ಇರಲೇಬೇಕೆಂಬ ನಿಬಂಧನೆಯಿಂದಲೂ ಹೊರಬಂದಿವೆ. ಅಂಥ ನರ್ಸುಗಳು ತಮ್ಮ ಹೆಸರಿನಲ್ಲಿಯೇ ಹೊಣೆಗಾರಿಕೆ ವಿಮೆ ಪಡೆಯುವುದುಂಟು. ನಮ್ಮ ದೇಶದಲ್ಲಿ ಅರಿವಳಿಕೆ ನೀಡುವುದು ವೈದ್ಯರ ಕೆಲಸ. ನರ್ಸ್ ಸಹಾಯಕಿ ಮಾತ್ರ. ಆದರೆ ಆಕೆಯ ಕೈತಪ್ಪಿನ ಹೊಣೆ ಬರುವುದು ಆಸ್ಪತ್ರೆಯ ಮೇಲೆ. ದೆಹಲಿಯ ಸ್ಪ್ರಿಂಗ್ ಮೆಡೋಸ್ ಆಸ್ಪತ್ರೆಯ ಪ್ರಕರಣದಲ್ಲಿ ನರ್ಸ್ ಕೊಟ್ಟ ತಪ್ಪು ಚುಚ್ಚುಮದ್ದಿನಿಂದ ಮಗುವಿನ ಮೆದುಳಿಗೆ ಹಾನಿಯಾಯಿತು. ಮಗುವಿಗೆ ರೂ. 12.5 ಲಕ್ಷ, ತಂದೆತಾಯಿಗಳಿಗೆ ರೂ. 5 ಲಕ್ಷ ಪರಿಹಾರವನ್ನು 1998ರಲ್ಲಿ ಸರ್ವೋಚ್ಚ ನ್ಯಾಯಾಲಯವು ಎತ್ತಿಹಿಡಿಯಿತು. ಗುತ್ತಿಗೆಯ ಮೇಲೆ ಬರುವ ವೈದ್ಯರ ತಪ್ಪಿಗೂ ಆಸ್ಪತ್ರೆಯೇ ಉತ್ತರಿಸಬೇಕೆಂದು ಸವಿತಾ ಗರ್ಗ್ ಪ್ರಕರಣದಲ್ಲಿ 2004ರಲ್ಲಿ ತೀರ್ಪಾಯಿತು.

ತಾಲ್ಲೂಕು ಕೇಂದ್ರಗಳ ಚಿಕ್ಕ ಆಸ್ಪತ್ರೆಗಳಿಗೆ ಅರಿವಳಿಕೆ ತಜ್ಞರು ಹೊರಗಿನಿಂದ ಬರುವುದು ಸಾಮಾನ್ಯ. ಗೊರೂರಿನ ಕಡೆಯಿಂದ ರೋಗಿಯನ್ನು ಅವಸರದಲ್ಲಿ ಕರೆತಂದಿದ್ದಾರೆ, ತಜ್ಞರು ಇನ್ನೂ ದಾರಿಯಲ್ಲಿದ್ದಾರೆ ಎಂಬ ಸಂದರ್ಭದಲ್ಲಿ ‘ಅನುಭವವಿರುವ ಸಿಸ್ಟರ್’ ಕೈಯಲ್ಲಿ ಆರಂಭಿಸಿಬಿಡುವ ಮನಸ್ಸಾಗಬಹುದು. ಇದು ರೋಗಿಗೆ ಅಪಾಯ. ಜೊತೆಗೆ, ಕಾನೂನು ಉಲ್ಲಂಘನೆಯಿಂದ ಉಂಟಾದ ಹೊಣೆಯನ್ನು ಪಾಲಿಸಿಗಳು ಹೊರಗಿಡುವುದರಿಂದ ವಿಮೆಯೂ ಕೈಬಿಡುವ ಸಂಭವವುಂಟು.

ದಿನಾಂಕದ ಮಹತ್ವ

ಬೆಂಕಿ ವಿಮೆಯಲ್ಲಿ ಬೆಂಕಿ ಬಿದ್ದ ದಿನ ಪಾಲಿಸಿ ಇದ್ದರೆ ಸಾಕು. ವೃತ್ತಿ ಹೊಣೆಗಾರಿಕೆ ವಿಮೆ, ಅಂದರೆ ಪ್ರೊಫೆಷನಲ್ ಇನ್‌ಡೆಮ್ನಿಟಿ ಪಾಲಿಸಿ, ಹಾಗಲ್ಲ. ನಮ್ಮಲ್ಲಿ ಇದು ಸಾಮಾನ್ಯವಾಗಿ ‘ಕ್ಲೇಮ್ಸ್ ಮೇಡ್’ ಆಧಾರದ್ದು. ಕ್ಲೇಮು ಬಂದ ದಿನ ಪಾಲಿಸಿ ಜಾರಿಯಲ್ಲಿರಬೇಕು. ಘಟನೆಯು ಅದರಲ್ಲಿ ನಮೂದಿಸಿದ ‘ರೆಟ್ರೋಆಕ್ಟಿವ್’ ದಿನಾಂಕದ ನಂತರ ನಡೆದಿರಬೇಕು. ಮೊದಲ ಪಾಲಿಸಿ ಪಡೆದ ದಿನವೇ ಸಾಮಾನ್ಯವಾಗಿ ಆ ದಿನಾಂಕ. ಪ್ರತಿವರ್ಷ ಬಿಡುವಿಲ್ಲದೆ ನವೀಕರಿಸುತ್ತ ಬಂದರೆ ಅದು ಹಾಗೆಯೇ ಉಳಿಯುತ್ತದೆ; ಸರಪಳಿ ಒಮ್ಮೆ ತುಂಡಾದರೆ ಹಿಂದಿನ ವರ್ಷಗಳ ರಕ್ಷಣೆಯೆಲ್ಲ ಹೋಗುತ್ತದೆ.

ಗ್ರಾಹಕ ದೂರಿಗೆ 2 ವರ್ಷಗಳ ಕಾಲಮಿತಿ ಇದೆ. ಸಕಾರಣವಿದ್ದರೆ ವಿಳಂಬವನ್ನೂ ಮನ್ನಿಸಬಹುದು. ಆದ್ದರಿಂದ ಇಂದಿನ ಶಸ್ತ್ರಚಿಕಿತ್ಸೆಯ ಕ್ಲೇಮು ಮುಂದಿನ ಅಥವಾ ಅದರ ಮುಂದಿನ ವರ್ಷದ ಪಾಲಿಸಿಯ ಮೇಲೆ ಬೀಳುವುದೇ ಹೆಚ್ಚು. ನವೀಕರಿಸದಿದ್ದಲ್ಲಿ ಹಲವು ಪಾಲಿಸಿಗಳು ಕೊಡುವ 90 ದಿನಗಳ ಹೆಚ್ಚುವರಿ ಅವಧಿ ಇದಕ್ಕೆ ಸಾಲದು. ನಡುವೆ ಬೇರೆ ಪಾಲಿಸಿ ಪಡೆದರೆ ಅದೂ ಇಲ್ಲ.

ಮೇಲಿನ ಪ್ರಕರಣದಲ್ಲಿ ಪಾರಾಗುವ ಒಂದು ದಾರಿ ಇತ್ತು. ಕ್ಲೇಮಿಗೆ ಕಾರಣವಾಗಬಹುದಾದ ಘಟನೆಯನ್ನು ಪಾಲಿಸಿ ಅವಧಿಯೊಳಗೆ ಲಿಖಿತವಾಗಿ ತಿಳಿಸಿ ಕಂಪನಿ ಅದನ್ನು ಅಂಗೀಕರಿಸಿದರೆ, ಕ್ಲೇಮು ಎಂದು ಬಂದರೂ ಆ ಅವಧಿಯಲ್ಲಿಯೇ ಬಂದಂತೆ ಪರಿಗಣಿಸುವ ನಿಬಂಧನೆ ಇಂಥ ಪಾಲಿಸಿಗಳಲ್ಲಿ ಇರುತ್ತದೆ. ಮಾರ್ಚ್ 31ರೊಳಗೆ ಒಂದು ಪತ್ರ ಬರೆದಿದ್ದರೆ ಆ ನಿಬಂಧನೆಯನ್ನು ಮುಂದಿಟ್ಟು ಕೇಳಬಹುದಾಗಿತ್ತು. ಬರೆದರೆ ತಪ್ಪು ಒಪ್ಪಿಕೊಂಡಂತಾಗುತ್ತದೆ ಎಂಬ ಅಂಜಿಕೆಯಿಂದ ಸುಮ್ಮನಿದ್ದರು. ಘಟನೆಯನ್ನು ತಿಳಿಸುವುದು ಬೇರೆ, ತಪ್ಪೊಪ್ಪಿಗೆ ಬೇರೆ. ಕಂಪನಿಯ ಸಮ್ಮತಿಯಿಲ್ಲದೆ ರೋಗಿಯ ಕಡೆಯವರೊಡನೆ ರಾಜಿ ಮಾಡಿಕೊಳ್ಳುವುದು ಮಾತ್ರ ಕೂಡದು.

ಮೊತ್ತದ ವಿಷಯದಲ್ಲಿ, ಒಂದು ಘಟನೆಗೆ ಎಷ್ಟು, ಒಂದು ವರ್ಷಕ್ಕೆ ಒಟ್ಟು ಎಷ್ಟು ಎಂಬ ಎರಡು ಮಿತಿಗಳಿರುತ್ತವೆ. ವಕೀಲರ ವೆಚ್ಚವೂ ಸಾಮಾನ್ಯವಾಗಿ ಅದರೊಳಗೇ ಸೇರುತ್ತದೆ. ಕೋಲ್ಕತ್ತಾದಲ್ಲಿ ಚಿಕಿತ್ಸೆ ಪಡೆದು 1998ರಲ್ಲಿ ಮೃತಪಟ್ಟ ಮಹಿಳೆಯೊಬ್ಬರ ಪ್ರಕರಣದಲ್ಲಿ 2013ರಲ್ಲಿ ಸರ್ವೋಚ್ಚ ನ್ಯಾಯಾಲಯ ವಿಧಿಸಿದ ಪರಿಹಾರ ರೂ. 5.96 ಕೋಟಿ ಮತ್ತು ಬಡ್ಡಿ. ನಮ್ಮಲ್ಲಿ ಅಷ್ಟು ದೊಡ್ಡ ಮೊತ್ತ ಬಾರದು ಎನ್ನುವವರುಂಟು. ಪರಿಹಾರವನ್ನು ಲೆಕ್ಕ ಹಾಕುವುದು ರೋಗಿಯ ಆದಾಯ ಮತ್ತು ನಷ್ಟದ ಮೇಲೆಯೇ ಹೊರತು ಆಸ್ಪತ್ರೆಯ ಗಾತ್ರದ ಮೇಲಲ್ಲ. ವೈದ್ಯರ ವೈಯಕ್ತಿಕ ಪಾಲಿಸಿಯೇ ಸಾಕೆಂದು ಬಿಡದೆ, ಸಂಸ್ಥೆಯ ಹೆಸರಿನ ಪಾಲಿಸಿಯಲ್ಲಿ ನರ್ಸುಗಳೂ ಹೊರಗಿನಿಂದ ಬರುವ ತಜ್ಞರೂ ಒಳಗೊಂಡಿದ್ದಾರೆಯೇ ಎಂದು ನೋಡತಕ್ಕದ್ದು.

ಈ ಪ್ರೀಮಿಯಂ ವ್ಯವಹಾರದ ವೆಚ್ಚವಾಗಿ ಆದಾಯದಿಂದ ಕಳೆಯಲು ಅರ್ಹ. ಆದರೆ ಚಿಕಿತ್ಸಾ ಸೇವೆಗೆ ಜಿ.ಎಸ್.ಟಿ. ವಿನಾಯಿತಿ ಇರುವುದರಿಂದ ಪ್ರೀಮಿಯಂ ಮೇಲಿನ ತೆರಿಗೆಗೆ ಹೂಡುವಳಿ ಜಮೆ ಆಸ್ಪತ್ರೆಗೆ ದೊರೆಯದು.

ಆಸ್ಪತ್ರೆಯೊಡನೆ ಸಂಬಂಧವಿಲ್ಲದ ತಯಾರಕರಿಗೂ ಇದರಲ್ಲಿ ಸಂಬಂಧವಿದೆ. 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮದ 6ನೇ ಅಧ್ಯಾಯವು 2020ರ ಜುಲೈ 20ರಿಂದ ಜಾರಿಯಲ್ಲಿದ್ದು, ದೋಷಯುಕ್ತ ಸರಕಿನಿಂದಾದ ಹಾನಿಗೆ ತಯಾರಕನನ್ನೂ ಕೆಲವು ಸಂದರ್ಭಗಳಲ್ಲಿ ಮಾರಾಟಗಾರನನ್ನೂ ಹೊಣೆಯಾಗಿಸಿದೆ. ಇದಕ್ಕೆ ದೊರೆಯುವ ಪ್ರಾಡಕ್ಟ್ ಲಯಬಿಲಿಟಿ ಪಾಲಿಸಿಯೂ ಬಹುಮಟ್ಟಿಗೆ ಇದೇ ‘ಕ್ಲೇಮ್ಸ್ ಮೇಡ್’ ಒಕ್ಕಣೆಯದೇ. ವಿಮಾ ಕಂಪನಿಯನ್ನು ಬದಲಿಸುವುದಾದರೆ ಹಳೆಯ ರೆಟ್ರೋಆಕ್ಟಿವ್ ದಿನಾಂಕವನ್ನೇ ಹೊಸ ಪಾಲಿಸಿಯ ಷೆಡ್ಯೂಲಿನಲ್ಲಿ ನಮೂದಿಸುವುದಾಗಿ ಲಿಖಿತ ಒಪ್ಪಿಗೆ ಪಡೆದ ನಂತರವೇ ಚೆಕ್ಕಿಗೆ ಸಹಿ ಹಾಕುವುದು ಒಳಿತು. ಏಜೆಂಟರ ಬಾಯಿಮಾತು ಇಲ್ಲಿ ಸಾಲದು.